ಮೂತಿಯ ಸೀಸ

ಕಳೆದ ವಾರ ಮಿಕ್ಸಿ ಜಾರಿನ ಹಿಡಿ ಮುರಿಯಿತು. ಹೊಸ ಜಾರು ತರಲು ಮಂಡ್ಯದ ಪೇಟೆಬೀದಿ ನಮ್ಮ ಮನೆಗೆ ದೂರವೇನಲ್ಲ. ಆದರೂ ಎರಡು ಟ್ಯೂಬಿನ ಅಂಟು ತಂದುಕೊಂಡು ಕೂತೆ. ಒಂದು ಟ್ಯೂಬಿನಿಂದ ಎಷ್ಟೋ ಇನ್ನೊಂದರಿಂದಲೂ ಅಷ್ಟೇ ಹಿಂಡಿ, ರಟ್ಟಿನ ಚೂರಿನ ಮೇಲೆ ಬೆಂಕಿಕಡ್ಡಿಯಲ್ಲಿ ಕಲಸಬೇಕು. ಕಲಸುತ್ತಿದ್ದಂತೆ ವಾಸನೆ ಬಂತು. ಸ್ವಲ್ಪ ಮೀನಿನ ವಾಸನೆ, ಸ್ವಲ್ಪ ಔಷಧದಂಗಡಿಯದು. ಇದು ಭಾವನ ಮಾಳಿಗೆ ಕೋಣೆಯ ವಾಸನೆ ಎಂದು ಮೂಗು ಹೇಳಿತು. ಮೂಗು ಹೇಳಿದ್ದನ್ನೆಲ್ಲ ನಾನು ನಂಬುವವನಲ್ಲ. ವಾಸನೆ ಹಳೆಯದನ್ನು ಎಳೆದು ತರುತ್ತದೆ, ಸರಿ. ಎಳೆದು ತಂದದ್ದು ನಡೆದದ್ದೋ, ಆಮೇಲೆ ನಾವೇ ಕಟ್ಟಿಕೊಂಡದ್ದೋ ಎಂದು ಅದು ಹೇಳುವುದಿಲ್ಲ.

ಅಂಟು ಹಚ್ಚಿದ ಹಿಡಿಯನ್ನು ಒಣಗುವ ತನಕ ಭಾರವಾದ ಏನಾದರೊಂದರಿಂದ ಒತ್ತಿಡಬೇಕಿತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ ಸೀಸದ ಗಟ್ಟಿಯೊಂದಿತ್ತು. ಎಣ್ಣೆ ಬಟ್ಟಲಿನ ಆಕಾರದ್ದು. ಮೇಲೆ ಗುಂಡಗೆ, ಕೆಳಗೆ ಚಪ್ಪಟೆ. ಚಪ್ಪಟೆ ಭಾಗಕ್ಕೆ ಹಸಿರು ರವಿಕೆ ಬಟ್ಟೆಯ ತುಂಡೊಂದು ಅಂಟಿಕೊಂಡಿತ್ತು. ಮೇಜಿಗೆ ಗೀರು ಬೀಳಬಾರದೆಂದು ಭಾವನೇ ಅಂಟಿಸಿ ಕೊಟ್ಟದ್ದು. ಹಾಗೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ...

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಮದ್ದೂರಿನಲ್ಲಿ, ಕೆಲಸ ಮಳವಳ್ಳಿಯ ಕಾಲೇಜಿನಲ್ಲಿ. ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. ದಿನವೂ ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿ ಸಂಜೆ ಹೊತ್ತಿಗೆ ಮನೆ ಸೇರುತ್ತಿದ್ದರು. ಬಂದವರು ಕಾಫಿ ಕುಡಿದು ಮಾಳಿಗೆ ಹತ್ತಿದರೆ ಊಟಕ್ಕೆ ಕರೆಯುವವರೆಗೆ ಇಳಿಯುತ್ತಿರಲಿಲ್ಲ. ಅಲ್ಲಿ ಅವರು ಎರಡನೇ ಮಹಾಯುದ್ಧದ ಕಾಲದ ಯುದ್ಧವಿಮಾನವೊಂದರ ಮಾದರಿ ಕಟ್ಟುತ್ತಿದ್ದರು. ಆಟದ ಸಾಮಾನಲ್ಲ, ರೇಡಿಯೋ ಕಂಟ್ರೋಲಿನಲ್ಲಿ ಹಾರುವಂಥದ್ದು. ರೆಕ್ಕೆ ತುದಿಯಿಂದ ತುದಿಗೆ ಅಕ್ಕನ ಊಟದ ಮೇಜಿಗಿಂತ ಉದ್ದವಿತ್ತು. ಬೆಂಗಳೂರಿನ ಯಾರೋ ಅರ್ಧ ಕಟ್ಟಿ ಬೇಸತ್ತು ಬಿಟ್ಟದ್ದನ್ನು ಭಾವ ಕೊಂಡು ತಂದಿದ್ದರು. ಬಸ್ಸಿನ ಟಾಪಿನ ಮೇಲೆ ತಂದರು ಎಂದು ನನ್ನ ನೆನಪು. ಗೂಡ್ಸ್ ಆಟೋದಲ್ಲಿ ಎಂದು ಅಕ್ಕ ಹೇಳುತ್ತಾಳೆ.

ನಾನು ಆಗ ಮೈಸೂರಿನ ಓದು ಮುಗಿಸಿ, ಒಂದು ಕೆಲಸ ಹಿಡಿದು ಇನ್ನೊಂದು ಬಿಡುತ್ತ, ಭಾನುವಾರವಾದರೆ ಅಕ್ಕನ ಮನೆಗೆ ಹೋಗಿಬಿಡುತ್ತಿದ್ದೆ. ಎಲ್ಲದಕ್ಕೂ ಪುರಾವೆ ಕೇಳುವ ಚಟ ನನಗೆ ಆಗಲೇ ಇತ್ತು. ಭಾವನಿಗೆ ಅದು ಇಷ್ಟ. "ಬಂದ ನೋಡು ಲಾಯರ್ರು," ಎನ್ನುತ್ತಿದ್ದರು. ನಾನು ಲಾಯರಲ್ಲ.

ಭಾವನಿಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ಮೈಸೂರಿನ ಡಾಕ್ಟರು ಲೇಸರ್ ಮಾಡಿ, ಇರುವಷ್ಟನ್ನು ಉಳಿಸಿಕೊಳ್ಳಲು ನೋಡೋಣ ಎಂದಿದ್ದರು. ಉಳಿಯುವುದಿಲ್ಲ ಎಂದು ಭಾವನಿಗೆ ಗೊತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಮಾಳಿಗೆಯ ಕೆಲಸಕ್ಕೆ ಅವಸರ ಬಂದಿತ್ತು. ಕಣ್ಣು ಪೂರ್ತಿ ಹೋಗುವುದರೊಳಗೆ ಆ ವಿಮಾನವನ್ನು ಒಂದು ಸಲ ಹಾರಿಸಬೇಕು. ಇಷ್ಟೇ ಅವರಿಗೆ ಬೇಕಾಗಿದ್ದದ್ದು.

ಅದರಲ್ಲಿ ಮೊದಲಿದ್ದದ್ದು ಪೆಟ್ರೋಲ್ ಇಂಜಿನ್ನು. ಅದರ ಸಣ್ಣ ಸ್ಕ್ರೂಗಳನ್ನು ತಿರುಗಿಸಿ ಹದ ಮಾಡಲು ಭಾವನ ಕಣ್ಣು ಸಾಲದಾಯಿತು. ಇಂಜಿನ್ನು ಕಿತ್ತು ಬ್ಯಾಟರಿ ಮೋಟಾರು ಕೂರಿಸಿದರು. ಇಂಜಿನ್ನು ಹೋದದ್ದರಿಂದ ಮೂತಿ ಹಗುರವಾಯಿತು, ಬಾಲ ಭಾರವಾಯಿತು. ಬಾಲ ಭಾರವಾದ ವಿಮಾನ ಮೇಲೆದ್ದ ಕೂಡಲೇ ಮೂತಿ ಎತ್ತಿ ನಿಂತು, ಉರುಳಿ ಬೀಳುತ್ತದೆ. ಬಾಲ ಉದ್ದ, ಮೂತಿ ಗಿಡ್ಡ. ಹಿಂದೆ ಒಂದು ಚಿಟಿಕೆ ಹೆಚ್ಚಾದರೆ ಮುಂದೆ ಅದರ ಮೂರುನಾಲ್ಕು ಪಟ್ಟು ಸೇರಿಸಬೇಕು. ಹಾಗಾಗಿ ಭಾವ ಬಾಲದ ಕಟ್ಟಿಗೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದರು. ಹಿಂದಿನ ಚಕ್ರ ತೆಗೆದು ತಂತಿಯ ಕೊಕ್ಕೆ ಹಾಕಿದರು. ಬಾಲಕ್ಕೆ ಒಂದೇ ಕೋಟು ಬಣ್ಣ. ರೆಕ್ಕೆಯ ಅಡಿಗೆ ಮಾತ್ರ ಹಳದಿ ಬಣ್ಣವನ್ನು ದಪ್ಪಗೆ ಬಳಿದರು, ಮೇಲೆ ಹೋದಾಗ ತಮಗೆ ಕಾಣಲಿ ಎಂದು. ಯುದ್ಧವಿಮಾನಕ್ಕೆ ಅಂಥ ಹಳದಿ ಇರುತ್ತದೆಯೇ ಎಂದು ಕೇಳಿದೆ. "ಯಾವ ಯುದ್ಧುಕ್ ಓಯ್ತದ್ಲಾ ಇದು," ಎಂದರು.

ತೂಕ ನೋಡುವ ಕೆಲಸಕ್ಕೆ ಇಬ್ಬರು ಬೇಕಿತ್ತು. ರೆಕ್ಕೆಯ ಮುಂದಂಚಿನಿಂದ ಸ್ವಲ್ಪ ಹಿಂದಕ್ಕೆ ಎರಡೂ ಕಡೆ ಗುರುತು ಹಾಕಿದ್ದರು. ಆ ಗುರುತಿನ ಅಡಿಗೆ ಒಂದು ಕಡೆ ನಾನು, ಇನ್ನೊಂದು ಕಡೆ ಅವರು ತೋರುಬೆರಳು ಕೊಟ್ಟು ಇಡೀ ವಿಮಾನವನ್ನು ಎತ್ತುತ್ತಿದ್ದೆವು. ಬಾಲ ತಟ್ಟನೆ ಕೆಳಗೆ ಕೂರುತ್ತಿತ್ತು. ಮೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಅದರೊಳಗೆ ಸೀಸದ ಚೂರು ಹಾಕುತ್ತ ಹೋಗುವುದು, ಮತ್ತೆ ಎತ್ತಿ ನೋಡುವುದು. ಆ ಚೂರುಗಳು ಹೈವೇ ಪಕ್ಕದ ಟೈರ್ ಅಂಗಡಿಯವು. ಕಾರಿನ ಚಕ್ರದ ತೂಕ ಸರಿಮಾಡಲು ಅಂಚಿಗೆ ಹೊಡೆಯುತ್ತಾರಲ್ಲ, ಅಂಥವು. ಕೊನೆಗೊಂದು ಸಲ ಎತ್ತಿದಾಗ ವಿಮಾನ ಅಲುಗದೆ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೊಂದ್ ಚೂರ್ ಆಕು," ಎಂದರು. "ಮೂತಿ ಒಂದ್ ಕೂದ್ಲೆಳೆ ಕೆಳಕ್ ಇರ್ಲಿ."

"ಸಮ ಅದೆಯಲ್ಲ ಭಾವ."

"ಸಮ ಇದ್ರೆ ಚುರುಕಾಗ್ ಆಡ್ತದೆ. ನಂಗೆ ಚುರುಕು ಬ್ಯಾಡ ಕಣೋ. ನಿಧಾನುಕ್ ಓಗಿ ನಿಧಾನುಕ್ ಬರ್ಲಿ."

ಚೀಲದಲ್ಲಿದ್ದ ಸೀಸವನ್ನೆಲ್ಲ ಅಕ್ಕನ ಕಬ್ಬಿಣದ ಸೌಟಿನಲ್ಲಿ ಕರಗಿಸಿ ಎಣ್ಣೆ ಬಟ್ಟಲಿಗೆ ಹೊಯ್ದರು. ಅಕ್ಕ ಮಾಳಿಗೆ ಮೆಟ್ಟಿಲ ಮೇಲೆ ನಿಂತು, "ಅದು ನಮ್ಮತ್ತೆ ಕೊಟ್ಟಿದ್ ಸೌಟು. ಇನ್ ಅದ್ರಲ್ಲಿ ಒಗ್ರಣೆ ಆಕುದ್ರೆ ನಿಮ್ಗೇ ಬಡ್ಸೋದು," ಎಂದಳು. "ಬಡ್ಸು, ನನ್ ಮೂತಿನೂ ಭಾರ ಆಗ್ಲಿ," ಎಂದರು ಭಾವ. ಅಕ್ಕ ನಕ್ಕಳು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಅದು ಖಂಡಿತ ಸುಳ್ಳಿರಬೇಕು.

ಆ ಗಟ್ಟಿಯನ್ನು ಮೂತಿಯೊಳಗಿನ ಪ್ಲೈವುಡ್ ಗೋಡೆಗೆ ಇದೇ ಎರಡು ಟ್ಯೂಬಿನ ಅಂಟಿನಿಂದ ಕೂರಿಸಿದರು. ನನಗೆ ಅನುಮಾನ. ಹಾರುವಾಗ ಅದು ಕಿತ್ತು ಹಿಂದಕ್ಕೆ ಜಾರಿದರೆ ಬಾಲ ಭಾರವಾಗಿ ಕಥೆ ಮುಗಿಯಿತಲ್ಲ? ಎರಡು ಸ್ಕ್ರೂ ಹಾಕೋಣ ಎಂದೆ. ಭಾವ ಒಪ್ಪಲಿಲ್ಲ.

"ತೂತ್ ಒಡುದ್ರೆ ಪ್ಲೈವುಡ್ಡೇ ಸೀಳ್ತದೆ. ಈ ಅಂಟು ಬುಡದಿಲ್ಲ ಕಣ್ಲಾ. ಮರ ಕಿತ್ಕಂಡ್ ಬರ್ಬೇಕೇ ವರ್ತು ಅಂಟು ಬುಡದಿಲ್ಲ."

ಹಾರಿಸಿದ್ದು ವೈದ್ಯನಾಥಪುರದ ಕಡೆ ಹೋಗುವಾಗ ಸಿಗುವ ಒಂದು ಲೇಔಟಿನಲ್ಲಿ. ಟಾರು ರಸ್ತೆ ಹಾಕಿ, ಸೈಟಿಗೆ ಕಲ್ಲು ನೆಟ್ಟಿದ್ದರು. ಮನೆ ಒಂದೂ ಎದ್ದಿರಲಿಲ್ಲ. ಮೂರು ಕಡೆ ಕಬ್ಬು. ರಾಗಿ ಕೊಯ್ಲಿನ ಕಾಲ. ಪಕ್ಕದ ಕಬ್ಬಿನ ಗದ್ದೆಯ ಯಜಮಾನಿ ಆ ಟಾರಿನ ಮೇಲೆ ತನ್ನ ರಾಗಿ ತೆನೆ ಹರಡಿದ್ದಳು. ನಾವು ವಿಮಾನಕ್ಕೆ ಬಿಳಿ ಬೆಡ್‌ಶೀಟು ಸುತ್ತಿ, ಮುಂದೆ ಭಾವ ಹಿಂದೆ ನಾನು ಹೊತ್ತು ನಡೆದೆವು. ಅಕ್ಕ ಬುತ್ತಿ ಹಿಡಿದು ಬಂದಳು.

"ಏನ್ ಸಾ, ಎಣ ಒತ್ಕಂಡ್ ಬಂದಂಗ್ ಬತ್ತಾ ಇದ್ದೀರಿ?" ಎಂದಳು ಆ ಹೆಂಗಸು.

"ಇನ್ನೂ ಜೀವ ಬಂದಿಲ್ಲ ಕಣಮ್ಮ, ಇರು, ಬತ್ತದೆ," ಎಂದರು ಭಾವ.

"ಜೀವ ಬಂದು ನನ್ ರಾಗಿ ತುಳುದ್ರೆ ನೀವೇ ಬಂದು ಬಡ್ದು ಕೊಡ್ಬೇಕು, ಏಳಿವ್ನಿ."

ಆದರೂ ಅವಳೇ ತೆನೆಯನ್ನು ಒಂದು ಬದಿಗೆ ಎಳೆದು ದಾರಿ ಬಿಟ್ಟಳು.

ಭಾವನಿಗೆ ಆಗ ಹತ್ತಿರದ್ದು ಅಷ್ಟಿಷ್ಟು ಕಾಣುತ್ತಿತ್ತು, ದೂರದ್ದು ಮಸುಕು. ಹಾಗಾಗಿ ನಾನು ಪಕ್ಕದಲ್ಲಿ ನಿಂತು ಕಂಡದ್ದನ್ನು ಹೇಳಬೇಕೆಂದು ಮಾತಾಗಿತ್ತು. ಇದಕ್ಕೊಂದು ಕಾರಣವಿದೆ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ಕೈಯಲ್ಲಿರುವ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಅದು ನಮ್ಮ ಎಡಕ್ಕೇ ವಾಲುತ್ತದೆ. ನಮ್ಮ ಕಡೆಗೆ ಬರುತ್ತಿದ್ದರೆ ಅದೇ ಕಡ್ಡಿಗೆ ನಮ್ಮ ಬಲಕ್ಕೆ ವಾಲುತ್ತದೆ. ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದಿದ್ದರೆ, ವಾಲಿದ್ದನ್ನು ನೆಟ್ಟಗೆ ಮಾಡಲು ಹೋಗಿ ಇನ್ನಷ್ಟು ವಾಲಿಸಿಬಿಡುತ್ತೇವೆ.

ಅದು ಎದ್ದಿತು. ಇದರಲ್ಲಿ ಮಾತ್ರ ನನಗೂ ಅಕ್ಕನಿಗೂ ಭಿನ್ನಾಭಿಪ್ರಾಯವಿಲ್ಲ. ಟಾರಿನ ಮೇಲೆ ಓಡಿ, ರಾಗಿಯ ಹೊಟ್ಟು ಎಬ್ಬಿಸಿ, ಕಬ್ಬಿನ ಗರಿಗಳ ಮೇಲೆ ಹಳದಿ ಹೊಟ್ಟೆ ತೋರಿಸುತ್ತ ಹೋಯಿತು. ಭಾವ ಬಾಯಿ ತೆರೆದು ನಿಂತಿದ್ದರು. ಒಂದು ಸುತ್ತು ಬಂತು. ಎರಡನೆಯದಕ್ಕೆ ಶಿಂಷಾ ಹೊಳೆಯ ಕಡೆಗೆ ದೂರ ಹೋಯಿತು, ಸಣ್ಣದಾಯಿತು. ಪೆಟ್ರೋಲ್ ಇಂಜಿನ್ನಾಗಿದ್ದರೆ ಸದ್ದಿನ ಮೇಲಾದರೂ ತಿಳಿಯುತ್ತಿತ್ತು. ಈ ಮೋಟಾರಿನ ಸದ್ದು ಅಷ್ಟು ದೂರದಿಂದ ಕೇಳಲಿಲ್ಲ. ಆಕಾಶದಲ್ಲಿ ಒಂದು ಗೆರೆ, ನಡುವೆ ಚುಕ್ಕೆ. ಗೆರೆ ಒಂದು ಕಡೆಗೆ ವಾಲಿತು.

"ಬತ್ತಾ ಅದೋ, ಓಯ್ತಾ ಅದೋ?" ಎಂದರು ಭಾವ.

ನಾನು ಏನು ಹೇಳಿದೆ?

ಬರುತ್ತಿದೆ ಎಂದೆ ಅನಿಸುತ್ತದೆ. ಗೊತ್ತಾಗುತ್ತಿಲ್ಲ ಎಂದೆ ಎಂದೂ ಅನಿಸುತ್ತದೆ. ಎರಡೂ ನನ್ನದೇ ದನಿಯಲ್ಲಿ ಕೇಳಿಸುತ್ತವೆ. ಅಕ್ಕನನ್ನು ಒಮ್ಮೆ ಕೇಳಿದ್ದೆ. "ನೀನ್ ಏನೂ ಅನ್ನಿಲ್ಲ ಕಣ್ಲಾ, ಕಂಬ ನಿಂತಂಗ್ ನಿಂತಿದ್ದೆ," ಎಂದಳು. ತಮ್ಮನ ವಿಷಯದಲ್ಲಿ ಅವಳ ಸಾಕ್ಷಿ ಎಷ್ಟು ನಂಬುವುದು... ಭಾವನ ಹೆಬ್ಬೆರಳು ಕಡ್ಡಿಯನ್ನು ಒತ್ತಿದ್ದು ಕಂಡೆ. ಗೆರೆ ನೆಟ್ಟಗೆ ನಿಂತು, ತಿರುಗಿ, ಕಬ್ಬಿನೊಳಗೆ ಹೋಯಿತು. ಸದ್ದೂ ಕೇಳಲಿಲ್ಲ.

ಬೆಳೆದು ಒರಗಿದ ಕಬ್ಬಿನೊಳಗೆ ಬಿದ್ದದ್ದು ಸಿಗುವುದಿಲ್ಲ. ನಾಲ್ಕು ಸಾಲು ನುಗ್ಗುವಷ್ಟರಲ್ಲಿ ಸೋಗೆ ಮುಖ ಕೈ ಕೊಯ್ದಿತ್ತು. ಯಜಮಾನಿ ಕೂಗಿದಳು: "ಬನ್ನಿ ಸಾ ಆಚ್ಗೆ! ಕಬ್ಬೆಲ್ಲ ಮುರ್ದಾಕ್ಬುಟ್ಟೀರಿ. ಎಲ್ ಓದಾತು ಅದು, ಕಟಾವ್ ಆದಾಗ ಸಿಕ್ತದೆ ಬುಡಿ." ಕಟಾವು ಎಂದರೆ ಸಕ್ಕರೆ ಕಾರ್ಖಾನೆ ಶುರುವಾಗಿ, ಅವಳ ಸರದಿ ಬಂದು, ಕಡಿಯುವವರು ಸಿಕ್ಕಬೇಕು. ಅದಕ್ಕೆ ಮುಂಗಾರು ಬರಬೇಕಾಯಿತು.

ಆ ತಿಂಗಳುಗಳಲ್ಲಿ ಭಾವ ವಿಮಾನ ಸಿಗುತ್ತದೋ ಇಲ್ಲವೋ ಎಂದು ಕೇಳಲಿಲ್ಲ. ಅವರಿಗಿದ್ದ ಪ್ರಶ್ನೆ ಒಂದೇ: ಯಾಕೆ ಬಿತ್ತು? ಎರಡು ಕಾರಣಗಳಿದ್ದವು. ಸೀಸ ಕಿತ್ತು ಹಿಂದಕ್ಕೆ ಜಾರಿದ್ದರೆ ಅವರ ಕೈಕೆಲಸ ಕೆಟ್ಟಿತ್ತು. ಸೀಸ ಜಾಗದಲ್ಲೇ ಇದ್ದರೆ ನನ್ನ ಮಾತು ಕೆಟ್ಟಿತ್ತು. ಇದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಭಾನುವಾರ ಹೋದರೆ, "ಕಟಾವ್ ಆಯ್ತಂತಾ?" ಎನ್ನುತ್ತಿದ್ದರು. ಒಂದು ಭಾನುವಾರ ಹಾಗೆ ಕೇಳುವಾಗ ಅವರ ಮುಖ ನಾನು ಕೂತ ಕಡೆಗಿರಲಿಲ್ಲ, ಕಿಟಕಿಯ ಬೆಳಕಿನ ಕಡೆಗಿತ್ತು. ಕಾಲೇಜಿಗೆ ಹೋಗುವುದು ಅಷ್ಟರಲ್ಲಿ ನಿಂತಿತ್ತು.

ಕಟಾವಾದ ದಿನ ನಾನು ಊರಲ್ಲಿರಲಿಲ್ಲ. ಯಜಮಾನಿ ಸಿಕ್ಕಿದ್ದನ್ನು ಗೊಬ್ಬರದ ಚೀಲವೊಂದಕ್ಕೆ ತುಂಬಿ ಬಸ್ಸಿನಲ್ಲಿ ತಂದುಕೊಟ್ಟು ಹೋಗಿದ್ದಳು. ಮುಂದಿನ ಭಾನುವಾರ ನಾನು ಹೋದಾಗ ಅದನ್ನೆಲ್ಲ ಮಾಳಿಗೆಯಲ್ಲಿ ಹರಡಿದ್ದರು. ಇಲಿ ಕಡಿದ ರೆಕ್ಕೆ, ಮಳೆಗೆ ಉಬ್ಬಿದ ಬಾಲ, ಊದಿಕೊಂಡ ಬ್ಯಾಟರಿ. ಮೂತಿಯ ಪ್ಲೈವುಡ್ ಗೋಡೆ ಇರಲಿಲ್ಲ. ಸೀಸದ ಗಟ್ಟಿ ಭಾವನ ಅಂಗೈಯಲ್ಲಿತ್ತು. ಹಸಿರು ಬಟ್ಟೆಯನ್ನು ಆಗಲೇ ಅಂಟಿಸಿದ್ದರು.

"ನೀನ್ ಏಳ್ದಂಗೆ ಸ್ಕ್ರೂ ಆಕ್ಬೇಕಿತ್ತು ಕಣೋ," ಎಂದರು. "ಅಂಟು ಬುಟ್ಕಂಡದೆ. ಸೀಸ ಇಂದಕ್ ಜಾರ್ಬುಟ್ಟದೆ. ಅದ್ಕೇ ಬಿದ್ದಿರೋದು."

"ಹೌದಾ ಭಾವ?"

"ನಾನೇ ಮುಟ್ ನೋಡಿವ್ನಲ್ಲ. ಬುಡು. ಇದ ನೀನ್ ಇಟ್ಕೊ, ಪೇಪರ್ ಆರ್‌ದಂಗೆ ಇಡಕ್ ಆಯ್ತದೆ. ಮೇಜು ಗೀರ್ಬಾರ್ದು ಅಂತ ಬಟ್ಟೆ ಅಂಟ್ಸಿವ್ನಿ."

ಎಲ್ಲದಕ್ಕೂ ಪುರಾವೆ ಕೇಳುವ ನಾನು ಅವತ್ತು ಏನೂ ಕೇಳಲಿಲ್ಲ. ಮನಸ್ಸು ಹಗುರವಾಗಿತ್ತು, ಊಟ ಸೇರಿತು. ಅವರು ಮತ್ತೆ ಏನನ್ನೂ ಕಟ್ಟಲಿಲ್ಲ. ಕಣ್ಣಾದ ಮೇಲೆ ಕಿಡ್ನಿ, ಆಮೇಲೆ... ಮಣ್ಣಿಗೆ ಹೋಗುವಾಗ ಭುಜ ಕೊಟ್ಟೆ. ಬಿಳಿ ಬಟ್ಟೆ ಸುತ್ತಿದ್ದರು. ಆ ಹೆಂಗಸಿನ ಮಾತು ನೆನಪಿಗೆ ಬಂತು. ಅಳು ಬರಲಿಲ್ಲ.

ಕಳೆದ ವಾರ ಗಟ್ಟಿಯನ್ನು ಮಿಕ್ಸಿ ಹಿಡಿಯ ಮೇಲೆ ಇಡಲು ಹೋದಾಗ ಹಸಿರು ಬಟ್ಟೆ ಕೈಗೇ ಬಂತು. ಅದನ್ನು ಅಂಟಿಸಿದ್ದದ್ದು ಮೈದಾ ಗೋಂದಿನಲ್ಲಿ, ಹುಳು ತಿಂದಿತ್ತು. ಬಟ್ಟೆಯ ಅಡಿಯಲ್ಲಿ ಸೀಸ ಕಾಣಲಿಲ್ಲ. ಕಂದು ಬಣ್ಣದ್ದೇನೋ ಮೆತ್ತಿತ್ತು. ಗದ್ದೆಯ ಮಣ್ಣು ಎಂದುಕೊಂಡು ಉಗುರಿನಲ್ಲಿ ಕೆರೆದೆ, ಉದುರಲಿಲ್ಲ. ಕಿಟಕಿಗೆ ಹಿಡಿದು ನೋಡಿದೆ. ಮರ. ಒಂದು ಪದರದ ಎಳೆ ಉದ್ದಕ್ಕೆ, ಅದರ ಕೆಳಗಿನದರ ಎಳೆ ಅಡ್ಡಕ್ಕೆ. ಪ್ಲೈವುಡ್ಡು. ಅಂಟು ಬಿಟ್ಟಿರಲೇ ಇಲ್ಲ. ನೆಲಕ್ಕೆ ಬಡಿದ ಹೊಡೆತಕ್ಕೆ ಮರವೇ ಕಿತ್ತು ಬಂದಿತ್ತು. ಮೂತಿ ಕೊನೆಯವರೆಗೂ ಅವರು ಇಟ್ಟ ತೂಕದಲ್ಲೇ ಇತ್ತು.

ಹಾರುವಾಗಲೇ ಪ್ಲೈವುಡ್ಡಿನ ಪದರ ಬಿಚ್ಚಿಕೊಂಡಿರಬಹುದಲ್ಲ ಎಂದು ನನ್ನೊಡನೆ ನಾನೇ ವಾದ ಹೂಡಿದೆ. ಇರಬಹುದು. ಆದರೆ ಹಾಗಿದ್ದಿದ್ದರೆ ಬಟ್ಟೆ ಬೇಕಿರಲಿಲ್ಲ. ಬೆರಳ ತುದಿಯಲ್ಲಿ ವಿಮಾನದ ತೂಕ ಹಿಡಿದ ಮನುಷ್ಯನಿಗೆ ಸೀಸ ಯಾವುದು, ಮರ ಯಾವುದು ಎಂದು ಗೊತ್ತಾಗಿರುವುದಿಲ್ಲವೇ? ಕಣ್ಣು ಕಾಣದೆ, ಅಕ್ಕನ ಹಳೆಯ ರವಿಕೆ ಹುಡುಕಿ, ಅಳತೆಗೆ ಕತ್ತರಿಸಿ, ಆ ಮರ ನನಗೆ ಕಾಣದಂತೆ ಅಂಟಿಸಿದ್ದರು. ಅಂದರೆ ಅವತ್ತು ಲೇಔಟಿನಲ್ಲಿ ನಾನು ಕಂಬದಂತೆ ನಿಂತಿರಲಿಲ್ಲ. ಬರುತ್ತಿದೆ ಎಂದಿದ್ದೆ. ಅದು ಹೋಗುತ್ತಿತ್ತು.

ಹೇಳೋಣವೆಂದರೆ ಅವರಿಲ್ಲ. ಅಕ್ಕನಿಗೆ ಫೋನು ಮಾಡಬಹುದಿತ್ತು, ಮಾಡಲಿಲ್ಲ. ಗಟ್ಟಿಯನ್ನು ಮಿಕ್ಸಿ ಹಿಡಿಯ ಮೇಲಿಟ್ಟು ಎದ್ದೆ. ಮಾರನೆಯ ದಿನ ತೆಗೆದು, ಹಿಡಿಯನ್ನು ಎಳೆದು ನೋಡಿದೆ. ಇನ್ನೂ ಜೋರಾಗಿ ಎಳೆದೆ. ಅಂಟು ಬಿಡಲಿಲ್ಲ.