ಕಳಿಸಲು ಬಂದವರು ನಿಲ್ಲುವ ಜಾಗ

ಊರಿಗೆ ಹೊರಟವರನ್ನು ಕಳಿಸಲು ಹೋದವರು ಮೊದಲು ಬೆನ್ನು ತಿರುಗಿಸಬಾರದು ಅನ್ನುವುದು ನಮ್ಮ ಅತ್ತೆಯ ನಿಯಮ. ಬಸ್ಸಾದರೆ ತಿರುವು ದಾಟಬೇಕು, ರೈಲಾದರೆ ಕೊನೇ ಬೋಗಿ ಕಣ್ಮರೆಯಾಗಬೇಕು. ಅಲ್ಲಿಯವರೆಗೆ ಕೈ ಬೀಸುತ್ತಾ ನಿಂತಿರಬೇಕು. ಅತ್ತೆ ಅಂದರೆ ಅಪ್ಪನ ಅಕ್ಕ. ಅವರ ಮನೆ ಗವಿಪುರದಲ್ಲಿ, ನಮ್ಮದು ಚಾಮರಾಜಪೇಟೆಯಲ್ಲಿ. ಚಿಕ್ಕವಳಿದ್ದಾಗಲೇ ನಾನು ಇದರ ಮೇಲೆ ವಾದಕ್ಕಿಳಿಯುತ್ತಿದ್ದೆ. "ಒಳಗೆ ಕೂತೋರಿಗೆ ನಾವು ಕಾಣೋದೇ ಇಲ್ಲ ಅತ್ತೆ, ಯಾರಿಗೆ ಕೈ ಬೀಸ್ತೀರಾ?" ಅಂದರೆ, "ಕಾಣ್ಲಿ ಅಂತಲ್ಲ ಕಣೇ. ಅವರು ತಿರುಗಿ ನೋಡಿದ್ರೆ ನಾವು ಇರ್ಬೇಕು, ಅಷ್ಟೆ" ಅನ್ನುತ್ತಿದ್ದರು. ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಜನರ ಬಾಯಿ ಮುಚ್ಚಿಸಿದೆ. ಈ ಮಾತಿಗೆ ಮಾತ್ರ ಇವತ್ತಿಗೂ ಮರುಮಾತು ಸಿಕ್ಕಿಲ್ಲ.

ಓದು ಮುಗಿದ ಮೇಲೆ ಬಸವನಗುಡಿಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಳೇ ಮನೆಯೊಂದರ ಮಹಡಿಯಲ್ಲಿ ಕೂತು ವಿಮಾನ ನಿಲ್ದಾಣದ ಟರ್ಮಿನಲ್‌ಗಳಿಗೆ ಜಾಗದ ಲೆಕ್ಕ ಹಾಕುವ ಆಫೀಸು. ಇನ್ನಿಪ್ಪತ್ತು ವರ್ಷಕ್ಕೆ ಎಷ್ಟು ಜನ ವಿಮಾನ ಹತ್ತಬಹುದು, ಅತಿ ಹೆಚ್ಚು ನೂಕುನುಗ್ಗಲಿರುವ ಗಂಟೆಯಲ್ಲಿ ಎಷ್ಟು ಮಂದಿ ಒಟ್ಟಿಗೆ ಒಳಗಿರುತ್ತಾರೆ, ಒಬ್ಬೊಬ್ಬರಿಗೆ ನಿಲ್ಲಲು ಎಷ್ಟು ಜಾಗ ಬೇಕು, ಇದನ್ನೆಲ್ಲ ಕೂಡಿ ಗುಣಿಸಿ ಗೋಡೆ ಎಲ್ಲಿ ಬರಬೇಕು ಅಂತ ಹೇಳಬೇಕು. ಇನ್ನೂ ಹುಟ್ಟದೇ ಇರುವವರಿಗೂ ಕ್ಯೂ ನಿಲ್ಲಲು ಜಾಗ ಹಿಡಿದಿಡುವ ಕೆಲಸ. ನನಗೆ ಬಹಳ ಹಿಡಿಸಿತ್ತು.

ನಾನು ಸೇರಿದಾಗ ಆಫೀಸಿನ ಕೈಯಲ್ಲಿದ್ದದ್ದು ಉತ್ತರ ಕರ್ನಾಟಕದ ಒಂದು ಊರಿನ ಟರ್ಮಿನಲ್. ಅತ್ತೆಯ ಮಗಳನ್ನು ಕೊಟ್ಟಿದ್ದೂ ಅದೇ ಊರಿಗೆ. ಅಲ್ಲಿನ ಹಳೇ ಕಟ್ಟಡದಲ್ಲಿ ಕಳಿಸಲು ಬಂದವರಿಗೆಂದೇ ಒಂದು ಹಾಲ್ ಇತ್ತು. ಬೆಂಚುಗಳಿದ್ದವು, ಗಾಜಿನಾಚೆ, ಹೊರಟವರು ಕ್ಯೂನಲ್ಲಿ ಸರಿಯುವುದು ಕಾಣುತ್ತಿತ್ತು. ಹೊಸ ನಕ್ಷೆಯಲ್ಲಿ ಆ ಹಾಲ್ ಇರಲಿಲ್ಲ. ಸರ್ವೇ ಪ್ರಕಾರ ಹೆಚ್ಚಿನ ಪ್ರಯಾಣಿಕರು ಒಬ್ಬೊಬ್ಬರೇ ಕ್ಯಾಬಿನಲ್ಲಿ ಬಂದು, ಬ್ಯಾಗು ಹೆಗಲಿಗೇರಿಸಿ ಒಳಗೆ ಹೋಗುತ್ತಿದ್ದರು. ಹಾಗಾಗಿ ಆ ಜಾಗವನ್ನು ಮುಂದೆ ಎಂದೋ ಬೇಕಾಗುವ ಕೌಂಟರ್‌ಗಳಿಗೆ ಮೀಸಲಿಟ್ಟಿದ್ದರು.

ನನಗೆ ಆ ಸರ್ವೇ ಮೇಲೆ ನಂಬಿಕೆ ಬರಲಿಲ್ಲ. ಆ ಊರಿನ ನಮ್ಮ ಬೀಗರ ಮನೆಯಿಂದ ಒಬ್ಬರು ಹೊರಟರೆ ಹಿಂದೆ ಎರಡು ಕಾರು ತುಂಬ ಜನ ಹೊರಡುತ್ತಾರೆ. ಅಂಥವರೆಲ್ಲ ಸರ್ವೇಯಲ್ಲಿ ಎಲ್ಲಿ ಹೋದರು? ಉತ್ತರ ಸಿಕ್ಕಿದ್ದು ನಮ್ಮ ಮನೆ ಹಜಾರದಲ್ಲಿ. ಮಗಳ ಊರಿಗೆ ಹೊರಡಬೇಕಿದ್ದ ಅತ್ತೆ, ಯಾಕೆ ಹೊರಟಿಲ್ಲ ಅಂತ ಕೇಳಿದ್ದಕ್ಕೆ ನನ್ನನ್ನೇ ಗದರಿದರು: "ಆಷಾಢದಲ್ಲಿ ಯಾರಾದ್ರೂ ಹೊರಡ್ತಾರೇನೇ? ಶ್ರಾವಣ ಬರ್ಲಿ."

ಮಾರನೇ ದಿನ ಮೀಟಿಂಗಿನಲ್ಲಿ ಆಫೀಸಿನ ಮುಖ್ಯಸ್ಥರನ್ನು ಕೇಳಿದೆ. "ಸರ್, ಸರ್ವೇ ಯಾವಾಗ ಮಾಡ್ಸಿದ್ದು?"

"ಹೋದ ವರ್ಷ, ಇದೇ ಟೈಮಲ್ಲಿ. ಯಾಕಮ್ಮ?"

"ನಿಮ್ಮ ಮನೆ ಗೃಹಪ್ರವೇಶ ಯಾಕೆ ಸರ್ ಮುಂದಕ್ಕೆ ಹಾಕಿದ್ರಿ?"

"ಆಷಾಢ ಅಲ್ವೇನಮ್ಮ..." ಅಂದವರು ಸರ್ವೇ ಫೈಲು ಎಳೆದುಕೊಂಡು ತಾರೀಖು ನೋಡಿದರು. ಪಕ್ಕದಲ್ಲಿದ್ದ ಗೆಳೆಯ "ಮುಗೀತು ಮಚ್ಚಾ" ಅಂತ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಸರ್ ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವರು. ಆಫೀಸಿನಲ್ಲಿ ಮುಕ್ಕಾಲು ಜನ ಪಂಚಾಂಗ ನೋಡದೆ ಸ್ಕೂಟರ್ ಕೂಡ ಕೊಳ್ಳುವವರಲ್ಲ. ಆದರೂ ಸರ್ವೇಗೆ ದಿನ ಗೊತ್ತು ಮಾಡುವಾಗ ಒಬ್ಬರಿಗೂ ಹೊಳೆದಿರಲಿಲ್ಲ. ಮದುವೆಯಿಲ್ಲ, ಶುಭಕಾರ್ಯವಿಲ್ಲ, ಆ ತಿಂಗಳು ಹಾರಿದವರೆಲ್ಲ ಆಫೀಸ್ ಕೆಲಸದ ಮೇಲೆ ಓಡಾಡುವವರು. ಆಷಾಢವನ್ನು ನಾನು ನಂಬುವುದಿಲ್ಲ. ಆದರೆ ನಂಬುವವರು ಆ ತಿಂಗಳು ಹೊರಡುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕುವವರು ನಂಬಲೇಬೇಕಲ್ಲ?

"ನೀನು ಹೇಳೋದು ಸರಿ ಕಣಮ್ಮ," ಅಂದರು ಸರ್. "ಆದ್ರೆ ನಕ್ಷೆಗೆ ಒಪ್ಪಿಗೆ ಬಂದಾಗಿದೆ. ನಾಳೆ ಜನ ಜಾಸ್ತಿಯಾದ್ರೆ ಕೌಂಟರ್‌ಗೆ ಜಾಗ ಎಲ್ಲಿಂದ ತರೋಣ?"

"ಇವತ್ತು ಬಂದೋರನ್ನ ಎಲ್ಲಿ ನಿಲ್ಲಿಸ್ತೀರಾ ಸರ್?"

"ಅವರು ಹೇಗೋ ಹೊಂದ್ಕೋತಾರೆ ಬಿಡು."

ಸರಿ ಅಂತ ಅವರೇ ಒಪ್ಪಿಕೊಂಡಿದ್ದರು. ಕಾಲೇಜಾಗಿದ್ದರೆ ಗೆದ್ದ ಕಪ್ ನನ್ನ ಕೈಯಲ್ಲಿರುತ್ತಿತ್ತು. ಇಲ್ಲಿ ನಕ್ಷೆಯ ಒಂದು ಗೆರೆಯೂ ಅಲುಗಲಿಲ್ಲ.

ಟರ್ಮಿನಲ್ ಕಟ್ಟಿ ಮುಗಿಯಿತು, ಬಾಗಿಲು ತೆರೆಯಿತು. ಮೊಮ್ಮಗುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೋಗಿದ್ದ ಅತ್ತೆ ಅಲ್ಲಿಂದಲೇ ವಿಮಾನ ಹತ್ತಿ ಬಂದರು. ಸಂಜೆ ನಮ್ಮ ಮನೆಗೆ ಬಂದವರ ಮುಖ ಬಿಗಿದಿತ್ತು.

"ಬೀಗರು ಬಾಗಿಲ ಹತ್ರ ಇಳಿಸಿ ಹಂಗೇ ಹೊರಟೋದ್ರು. ತಿರುಗಿ ನೋಡ್ತೀನಿ, ಒಬ್ರೂ ಇಲ್ಲ. ಹೆಣ್ಣು ಕೊಟ್ಟೋರಿಗೆ ಇಷ್ಟೇ ಮರ್ಯಾದೆ."

"ಅತ್ತೆ, ಅಲ್ಲಿ ಕಾರು ನಿಲ್ಸೋಕೆ ಬಿಡಲ್ಲ. ಒಂದ್ನಿಮಿಷ ಜಾಸ್ತಿ ನಿಂತ್ರೆ ವಿಷಲ್ ಊದ್ತಾರೆ."

"ಮೊದಲು ಗಾಜಿನ ಹತ್ರ ಬಂದು ನಿಲ್ತಿದ್ರಲ್ಲ? ಬೀಗಿತ್ತಿ ನಾನು ಒಳಗೆ ಹೋಗೋವರೆಗೂ ಕೂರ್ತಾನೇ ಇರ್ಲಿಲ್ಲ."

"ಆ ಹಾಲೇ ತೆಗೆದುಬಿಟ್ರು ಅತ್ತೆ. ಮುಂದೆ ಜನ ಜಾಸ್ತಿಯಾಗ್ತಾರೆ ಅಂತ ಆ ಜಾಗ ಬಿಟ್ಟಿದಾರೆ."

"ಅದಾ? ಹಲಗೆ ಹೊಡೆದು ಮುಚ್ಚಿದಾರಲ್ಲ, ಹಿಂದೆ ಎಲ್ಲ ಖಾಲಿ. ಬರದೇ ಇರೋರಿಗೆ ಅಷ್ಟು ಜಾಗ, ಬಂದಿರೋರಿಗೆ ಇಲ್ವಾ? ಯಾರಿಗೆ ಹೇಳ್ತೀಯಾ ಇದನ್ನ?"

ಅದು ನನ್ನದೇ ವಾದ. ಮೀಟಿಂಗಿನಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಈಗ ಮಾತ್ರ ಸರ್ ಕಡೆಯ ಕುರ್ಚಿಯಲ್ಲಿ ಕೂತಿದ್ದೆ. "ಅದು ನಮ್ಮ ಆಫೀಸೇ ಮಾಡಿದ ನಕ್ಷೆ ಅತ್ತೆ. ಬೀಗರದ್ದೇನೂ ತಪ್ಪಿಲ್ಲ" ಅಂದೆ. ಸರ್ವೇ, ಆಷಾಢ, ಎಲ್ಲ ಬಿಡಿಸಿ ಹೇಳಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು. "ಬಿಡೇ. ನಾನು ಹೂಂ ಅಂದ್ರೆ ನೀನು ಊಹೂಂ ಅನ್ನೋದು ನನಗೆ ಗೊತ್ತಿಲ್ವಾ? ಈಗ ಬೀಗರ ಕಡೆನೂ ವಕೀಲಿಕೆ ಶುರು ಮಾಡಿದೀಯಾ."

ಬದುಕಿನಲ್ಲಿ ಒಂದೇ ಒಂದು ವಾದ ಅತ್ತೆಯ ಮುಂದೆ ಗೆಲ್ಲಬೇಕಿತ್ತು. ಅದಕ್ಕೆ ನನ್ನ ಮಾತಿನ ಮೇಲೆ ಅವರಿಗಿರಬೇಕಿದ್ದ ನಂಬಿಕೆಯನ್ನೆಲ್ಲ ನಾನು ಬಸ್ಸು-ರೈಲಿನ ಜಗಳಗಳಲ್ಲೇ ಖರ್ಚು ಮಾಡಿಬಿಟ್ಟಿದ್ದೆ.

ದೀಪಾವಳಿಗೆ ಮಗಳು ಕರೆದಳು. ಬೀಗಿತ್ತಿಯೇ ಫೋನ್ ತೆಗೆದುಕೊಂಡು "ಬರ್ರಿ" ಅಂದರಂತೆ. ಮಂಡಿ ನೋವು ಅಂದುಬಿಟ್ಟರು ಅತ್ತೆ. ಅದೇ ಮಂಡಿಯಲ್ಲಿ ಗವಿಪುರದಿಂದ ನಮ್ಮ ಮನೆಗೆ ಬಂದು, ಹೋಳಿಗೆ ಲಟ್ಟಿಸಿ, ಸಂಜೆ ಆಟೋ ಹತ್ತಿದರು. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಆಟೋ ತಿರುವಿನಲ್ಲಿ ನಿಧಾನವಾದಾಗ ಅತ್ತೆ ತಲೆ ಹೊರಹಾಕಿ ನೋಡಿದರು. ಇದ್ದೆ. ಕೈ ಬೀಸಿದೆ. ಇಲ್ಲಿ ವಿಷಲ್ ಊದಿ, "ಗಾಡಿಗೆ ಅಡ್ಡವಾಗುತ್ತೆ, ಸರಿಯಮ್ಮ" ಅಂತ ಯಾರೂ ನನ್ನನ್ನು ಗದರಲಿಲ್ಲ.