ಹಣ್ಣಿಗೆ ಹಿಡಿದ ಕೊಡೆ

ಕೊಡೈಕೆನಾಲ್‌ನ ಸರೋವರದ ದಂಡೆಯಲ್ಲಿ ಬೇಸಿಗೆಯ ರೈತರ ಸಂತೆ. ನಾನು ಶಾಲು ಹೊದ್ದು ನಡುಗುತ್ತಿದ್ದೆ. ಜೊತೆಗೆ ಬಂದ ಚಿಗವ್ವನಿಗೆ ಮಾತ್ರ ಹಣ್ಣಿನದೇ ಚಿಂತೆ. ಬಳ್ಳಾರಿ ಪಕ್ಕದ ಕೊಳಗಲ್ಲಿನಲ್ಲಿ ಅವಳದು ಅಂಜೂರದ ತೋಟ. ನೆರಳಿನಲ್ಲಿ ಇಡದ ಹಣ್ಣು ಅಲ್ಲಿ ಮಧ್ಯಾಹ್ನದೊಳಗೆ ಹುಳಿತು ಎಮ್ಮೆಯ ಪಾಲಾಗುತ್ತದೆ. ಹಾಗಾಗಿ ಮಾರಲು ನಿಂತ ಒಬ್ಬಾಕೆಯ ಮೇಜಿನ ಪ್ಲಮ್ ಹಣ್ಣಿನ ಮೇಲೆ ಬಿಸಿಲು ಬಿದ್ದದ್ದು ಕಂಡದ್ದೇ ತಡ, ಚಿಗವ್ವ ತನ್ನ ಕೊಡೆ ಬಿಚ್ಚಿ ಅದರ ಮೇಲೆ ಹಿಡಿದುಬಿಟ್ಟಳು.

ಆಕೆ ನಗುತ್ತಾ ಕೊಡೆಯನ್ನು ಆಚೆ ಸರಿಸಿದಳು. ಅವಳ ಮನೆಮಾತು ತೆಲುಗಂತೆ, ಚಿಗವ್ವನಿಗೂ ತೆಲುಗು ಬರುವುದರಿಂದ ಮಾತು ಸಲೀಸಾಯಿತು. ಇಲ್ಲಿ ಬಿಸಿಲು ಗಳಿಗೆ ಹೊತ್ತಿನದು, ಹಣ್ಣಿನ ತೇವ ಆರಲೆಂದು ಅದು ಸರಿದತ್ತ ಮೇಜನ್ನೂ ಸರಿಸುತ್ತೇವೆ ಎಂದಳು. ಉಳಿದ ಹಣ್ಣು ಒಣಗಿಸಲು ದಿನವಿಡೀ ಒಲೆ ಉರಿಸಬೇಕಂತೆ. ಒಣಗಿದ ಒಂದೊಂದು ಚೂರನ್ನು ನಮ್ಮಿಬ್ಬರ ಕೈಗಿಟ್ಟಳು. ಹೊಗೆಯ ರುಚಿಯಿತ್ತು.

ಚಿಗವ್ವ ಅಗಿಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು. "ನಾ ದಿನಾ ಬೈಯೋ ಬಿಸಲು ಇಲ್ಲಂತ ಇಕಿ ಕಟಗಿ ಸುಡಾಕತ್ತಾಳ ನೋಡು!"

ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದಳು. "ಗಂಗಾ, ಉಳಿದ ಅಂಜೂರ ಎಮ್ಮಿಗೆ ಹಾಕಬ್ಯಾಡ. ತೊಳದು ಮಾಳಗಿ ಮ್ಯಾಲೆ ಹರವು, ಮೆಣಸಿನಕಾಯಿ ಹರವತೀವಲ್ಲ, ಹಾಂಗ. ಒಮ್ಮಿ ನೋಡೇ ಬಿಡೋಣು. ಬಿಸಲು ಹೆಂಗೈತಿ?"

ಉತ್ತರ ಕೇಳಿಸಿಕೊಂಡು ಪ್ಲಮ್ಮಿನಾಕೆಯತ್ತ ತಿರುಗಿದಳು. ನಮ್ಮೂರಲ್ಲಿ ಕೆಂಡದಂಥ ಬಿಸಿಲಂತೆ ಎಂದು ತೆಲುಗಿನಲ್ಲಿ ಹೇಳಿದಳು, ಹೊಲ ಮನೆ ಎಷ್ಟಿದೆಯೆಂದು ಬೀಗರಿಗೆ ಹೇಳುವವರ ಗತ್ತಿನಲ್ಲಿ.