ಏಳನೆಯ ಗೂಟ

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಅರವತ್ತು ವರ್ಷ ದಾಟಿತು. ನನ್ನ ಮಾವ, ಅಂದರೆ ಗಂಡನ ಅಪ್ಪ ಕುಂಞಣ್ಣನವರು, ಬಗ್ಗಿದ ಮೊಳೆಗಳನ್ನು ಒಂದು ತೆಂಗಿನ ಗೆರಟೆಯಲ್ಲಿ ತುಂಬಿಸಿ ಇಟ್ಟಿದ್ದರು. ಮನೆಗೆ ಯಾರು ಬಂದರೂ ಬೆಲ್ಲ ನೀರಿಗಿಂತ ಮೊದಲು ಆ ಗೆರಟೆ ಮುಂದೆ ಬರುತ್ತಿತ್ತು.

"ನೋಡಿ ಮಾರಾಯ್ರೆ, ಇದೆಲ್ಲ ನನ್ನ ಗೋಡೆಗೆ ಹೊಡೆದ ಮೊಳೆ. ಒಂದು ಒಳಗೆ ಹೋದ್ರೂ ನನ್ನ ಅರ್ಧ ಮೀಸೆ ಬೋಳಿಸ್ತೇನೆ."

ಅದರಲ್ಲಿ ನಾಲ್ಕು ಮೊಳೆ ನನ್ನವು. ಪಂಜದಿಂದ ಮದುವೆಯಾಗಿ ಕಲ್ಲುಗುಂಡಿಗೆ ಬರುವಾಗ ಅಮ್ಮ ಒಂದು ಅಂಗೈಯಗಲದ ಕನ್ನಡಿ ಕೊಟ್ಟಿದ್ದಳು. ಬಂದ ಮೂರನೆಯ ದಿನ ಅದನ್ನು ನೇತು ಹಾಕಲು ಹೋದೆ. ಮೊದಲ ಮೊಳೆ ಬಗ್ಗಿತು, ಎರಡನೆಯದು ಹಾರಿ ಹಣೆಗೆ ತಾಗಿತು. ಮಾವ ಚಾವಡಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತ ನೋಡುತ್ತಲೇ ಇದ್ದರು. ನಾಲ್ಕೂ ಮುಗಿದ ಮೇಲೆ ಎದ್ದು ಬಂದು, ಆರಿಸಿ, ಗೆರಟೆಗೆ ಹಾಕಿಕೊಂಡು ಹೋದರು. ಎರಡು ವರ್ಷ ನಾನು ಕನ್ನಡಿಯನ್ನು ನೆಲದಲ್ಲಿ ಒರಗಿಸಿಟ್ಟು, ಕುಕ್ಕುರುಗಾಲಲ್ಲಿ ಕೂತು ತಲೆ ಬಾಚಿದೆ.

ಮಾವ ಕಡೆಯುವ ಕಲ್ಲು ಮಾಡುವವರು. ಸುಳ್ಯದಿಂದ ಕಡಬದವರೆಗೆ ಎಷ್ಟೋ ಮನೆಗಳ ದೋಸೆ ಹಿಟ್ಟು ಅವರು ಗುಳಿ ತೋಡಿದ ಕಲ್ಲಿನಲ್ಲಿ ನುಣ್ಣಗಾಗುತ್ತಿತ್ತು. ಆದರೆ ಎಲ್ಲ ಕಲ್ಲೂ ಉಳಿಗೆ ಬಗ್ಗುವುದಿಲ್ಲ. ಕೆಲವು ಅರ್ಧ ತೋಡಿದಾಗ ಬಿರಿಯುತ್ತವೆ, ಕೆಲವಕ್ಕೆ ಉಳಿ ತಾಗುವುದೇ ಇಲ್ಲ. ಅಂಥ ಕಲ್ಲು ಯಾರಿಗೂ ಬೇಡ. ಅವನ್ನೆಲ್ಲ ಮೂವತ್ತು ವರ್ಷ ಒಟ್ಟು ಹಾಕಿ ಮಾವ ಮನೆ ಕಟ್ಟಿದರು. ಹೊರಗೋಡೆ, ಒಳಗೋಡೆ, ಎಲ್ಲ ಅದೇ. ಕೆಳಗೆ ಪಾದೆಕಲ್ಲು, ಹಾಗಾಗಿ ನೆಲವೂ ಬಂಡೆಯೇ. ಗೋಡೆಯ ಒಂದೊಂದು ಕಲ್ಲಿನ ಜಾತಕವೂ ಅವರಿಗೆ ಬಾಯಿಪಾಠವಾಗಿತ್ತು. "ಇದು ಪಂಜದವರ ಕಲ್ಲು, ಬಿರಿದದ್ದು. ಇದು ಕೊಲ್ಲಮೊಗ್ರಿನ ಒಂದು ಮುದುಕಿಯದ್ದು, ಮೂರು ದಿನ ಹೊಡ್ದೆ, ಚಿಪ್ಪು ಕೂಡ ಏಳ್ಲಿಲ್ಲ." ಕೊಲ್ಲಮೊಗ್ರಿನ ಆ ಕಲ್ಲನ್ನು ಬಚ್ಚಲಿನ ಪಕ್ಕದ ಗೋಡೆಯಲ್ಲಿ ಇಟ್ಟಿದ್ದರು.

ಕಲ್ಲಿನ ಚೂರು ಹಾರಿ ಅವರ ಒಂದು ಕಣ್ಣು ಮೊದಲೇ ಹೋಗಿತ್ತು. ನನಗೆ ಹದಿನೆಂಟು ತುಂಬಿದ ವರ್ಷ ಇನ್ನೊಂದಕ್ಕೂ ಮಂಜು ಕವಿಯಿತು. ಪುತ್ತೂರಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಆರು ತಿಂಗಳು ಕಂಡರೆ ಹೆಚ್ಚು ಎಂದರಂತೆ.

ಮನೆಯಲ್ಲಿ ಇದ್ದವರು ಮೂರೇ ಜನ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಘಾಟಿಯ ರಸ್ತೆ ಕೆಲಸಕ್ಕೆ ಹೋದರೆ ಬರುವುದು ಭಾನುವಾರ. ಸೊಸೆ ಮಾವನನ್ನು ಮುಟ್ಟುವ ಕ್ರಮ ನಮ್ಮಲ್ಲಿ ಇರಲಿಲ್ಲ. ಗಂಜಿಯ ಬಟ್ಟಲನ್ನು ನೆಲದಲ್ಲಿಟ್ಟು ಸರಿಸುತ್ತಿದ್ದೆ, ಅವರು ತೆಗೆದುಕೊಳ್ಳುತ್ತಿದ್ದರು. ಮಲಗುವ ಜಾಗದಿಂದ ಬಚ್ಚಲಿಗೆ ಇಪ್ಪತ್ತೆಂಟು ಹೆಜ್ಜೆ. ಹಿಂದೆಂದೋ ಕಲ್ಲು ಬಿದ್ದು ಮಾವನ ಬಲಗಾಲು ಸೊಟ್ಟ. ಕೋಲು ಊರಿದರೆ ಬಂಡೆಯ ನೆಲದಲ್ಲಿ ಜಾರುತ್ತಿತ್ತು.

"ಸೊಸೆಯ ಕೈ ಹಿಡ್ಕೊಂಡು ಬಚ್ಚಲಿಗೆ ಹೋಗುವ ಗತಿ ಬಂದ್ರೆ ನಾನು ಹೊಳೆಗೆ ಹಾರ್ತೇನೆ" ಎಂದರು ಒಂದು ದಿನ.

"ಹೊಳೆಗೆ ಹೋಗ್ಲಿಕ್ಕೂ ದಾರಿ ಕಾಣ್ಬೇಕಲ್ಲ ಮಾವ" ಎಂದೆ.

ಅವರು ಎಲೆ ಅಡಿಕೆ ಉಗುಳುವವರೆಗೆ ನಕ್ಕರು. ಮರುದಿನ ಹಗ್ಗ ತರಿಸಿದರು.

ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಗೂಟ ಹೊಡೆದು ಹಗ್ಗ ಬಿಗಿಯುವುದು, ಅದನ್ನು ಹಿಡಿದು ಬಚ್ಚಲಿಗೆ ತಾನೇ ಹೋಗುವುದು: ಇದು ಅವರ ಲೆಕ್ಕ. ಮೊದಲು ಕಲ್ಲುಗಳ ಸಂದಿಗೆ ಗೂಟ ಹೊಡೆದರು. ಮೈಭಾರ ಬಿಟ್ಟ ಕೂಡಲೇ ಗೂಟ ಮಣ್ಣಿನ ಸಮೇತ ಕಿತ್ತು ಕೈಗೆ ಬಂತು. ಕಲ್ಲನ್ನೇ ಕೊರೆಯದೆ ಬೇರೆ ದಾರಿ ಇರಲಿಲ್ಲ. ಒಟ್ಟು ಏಳು ತೂತು ಬೇಕು. ಬೇರೆ ಕಲ್ಲುಕುಟಿಗರನ್ನು ಕರೆಸುವ ಎಂದ ಮಗನಿಗೆ, "ನನ್ನ ಗೋಡೆಗೆ ಇನ್ನೊಬ್ಬನ ಉಳಿಯಾ? ನಾನು ಸತ್ತ ಮೇಲೆ ಕರೆಸು" ಎಂದರು.

ಒಂದು ಪೆಟ್ಟು ಹೊಡೆಯುವುದು, ಉಳಿಯನ್ನು ಚೂರು ತಿರುಗಿಸುವುದು, ಮತ್ತೆ ಹೊಡೆಯುವುದು. ನಡುವೆ ನೀರು ಬಿಟ್ಟು, ಬಿದಿರಿನ ಸೀಳಿನಿಂದ ಹುಡಿ ಕೆರೆದು ತೆಗೆಯುವುದು. ಬೆರಳುದ್ದ ಇಳಿಯಲು ಎಂಟು ಹತ್ತು ದಿನ. ಮೊಂಡಾದ ಉಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಯ ಕಮ್ಮಾರ ಆಚಾರಿಯ ಹತ್ತಿರ ಹದ ಹಾಕಿಸಿ ತರುವುದು ನನ್ನ ಕೆಲಸ. "ನಿನ್ನ ಮಾವನಿಗೆ ಕಬ್ಬಿಣದ ಮೇಲೆ ಎಂತ ಹಗೆ ಮಾರಾಯ್ತಿ?" ಎಂದು ಆಚಾರಿ ಪ್ರತಿ ಸಲ ಕೇಳುತ್ತಿದ್ದ.

ತೂತಾದ ಮೇಲೆ ಒಣಗಿದ ಬೋಗಿ ಮರದ ಗೂಟ ಹೊಡೆದು ನೀರು ಹನಿಸುತ್ತಿದ್ದರು. ಅದು ಉಬ್ಬಿ ಕಚ್ಚಿಕೊಂಡರೆ ಎತ್ತು ಕಟ್ಟಿದರೂ ಬರುತ್ತಿರಲಿಲ್ಲ. ಮೂರನೆಯ ಗೂಟಕ್ಕೆ ನಾನು ಸದ್ದಿಲ್ಲದೆ ಕನ್ನಡಿ ನೇತು ಹಾಕಿದೆ. ಹಗ್ಗ ಹಿಡಿದು ಬರುತ್ತಿದ್ದ ಮಾವನ ಕೈಗೆ ಅದು ಸಿಕ್ಕಿತು.

"ಇದೆಂತ ಇದು?"

"ನನ್ನ ಕನ್ನಡಿ."

"ನಿನ್ನ ಮುಖ ನೀನು ನೋಡ್ಬೇಕಾದ್ರೆ ನಾನು ಕುರುಡ ಆಗ್ಬೇಕಾಯ್ತಾ ದೇವಕೀ?"

ತೆಗೆ ಎಂದು ಹೇಳಲಿಲ್ಲ. ಅಲ್ಲಿಗೆ ಬಂದಾಗ ಕೈ ಎತ್ತಿ, ಕನ್ನಡಿ ದಾಟಿ, ಮತ್ತೆ ಹಗ್ಗ ಹಿಡಿಯುತ್ತಿದ್ದರು.

ಆರನೆಯದು ಮುಗಿಯುವ ಹೊತ್ತಿಗೆ ಅವರಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಏಳನೆಯದು ಕೊಲ್ಲಮೊಗ್ರಿನ ಮುದುಕಿಯ ಕಲ್ಲು. ಅದಕ್ಕೆ ಎರಡು ಉಳಿ ಮುರಿದವು. ಸುತ್ತಿಗೆ ಗುರಿ ತಪ್ಪಿ ಎಡಗೈಯ ಹೆಬ್ಬೆರಳು ಜಜ್ಜಿ ಉಗುರು ಹೋಯಿತು. ಉಳಿ ನಾನು ಹಿಡಿಯುತ್ತೇನೆ ಎಂದರೆ, "ನಿನ್ನ ಕೈಯೂ ಹೋದ್ರೆ ಗಂಜಿ ಬೇಯಿಸುದು ಯಾರು?" ಎಂದು ಗದರಿಸಿದರು. ನಾನು ದೂರ ನಿಂತು, "ಚೂರು ಮೇಲೆ ಮಾವ, ಚೂರು ಎಡಕ್ಕೆ" ಎನ್ನುತ್ತಿದ್ದೆ. ಬೇರೇನೂ ಮಾಡುವಂತಿರಲಿಲ್ಲ.

ಆರನೆಯ ಗೂಟದಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ. ಬಚ್ಚಲಿಗೆ ಬಾಗಿಲೂ ಇಲ್ಲ, ಹಗ್ಗ ಕಟ್ಟಲು ಮರದ ದಾರಂದದ ಚೌಕಟ್ಟೂ ಇಲ್ಲ. ಏಳನೆಯದು ಆಗುವವರೆಗೆ ಒಂದು ಉಪಾಯ ಮಾಡಿಕೊಂಡೆವು. ಉಳಿದ ಹಗ್ಗದ ತುದಿಯನ್ನು ನಾನು ಸೊಂಟಕ್ಕೆ ಸುತ್ತಿ, ಬಚ್ಚಲಿನ ಬಾಯಲ್ಲಿ ಕಾಲು ಊರಿ ನಿಲ್ಲುವುದು. ಹಗ್ಗ ಮುಟ್ಟಿದರೆ ಮಾವನನ್ನು ಮುಟ್ಟಿದಂತೆ ಆಗುವುದಿಲ್ಲ. ಅವರು ಐದನೆಯ ಗೂಟದ ಹತ್ತಿರ ಬಂದು ಕೂಗುತ್ತಿದ್ದರು.

"ಏಳನೇ ಗೂಟ ಉಂಟಾ?"

"ಉಂಟು ಮಾವ."

"ಗಟ್ಟಿ ಉಂಟಾ?"

"ನಿಮ್ಮ ಗೋಡೆಗಿಂತ ಗಟ್ಟಿ ಉಂಟು. ಬನ್ನಿ."

ಹೀಗೆ ಒಂದು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ಗಂಜಿ ಉಕ್ಕಿ ಒಲೆ ಆರಿಹೋಯಿತು. ನಾನು ಹಗ್ಗ ಕೆಳಗಿಟ್ಟು ಅಡುಗೆಮನೆಗೆ ಓಡಿದೆ. ಒಲೆ ಊದುತ್ತಿರುವಾಗ ಮಾವ ಕೂಗಿದರು.

"ಏಳನೇ ಗೂಟ ಉಂಟಾ?"

"ಉಂಟು ಮಾವ" ಎಂದೆ. ಬಾಯಿಗೆ ಅಭ್ಯಾಸವಾಗಿತ್ತು. ಅವರು ಬರುವಷ್ಟರಲ್ಲಿ ಅಲ್ಲಿ ನಿಂತಾಯಿತು ಎಂದುಕೊಂಡೆ. ಆ ದಿನ ಅವರು ಗಟ್ಟಿ ಉಂಟಾ ಎಂದು ಕೇಳಲಿಲ್ಲ.

ಬಿದ್ದ ಸದ್ದು ಕೇಳಿ ಓಡಿದೆ. ಸಡಿಲ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಬಿದ್ದಿದ್ದರು. ಸೊಂಟದ ಕೆಳಗೆ ಕಾಲು ಬೇರೆಯವರದ್ದರ ಹಾಗೆ ತಿರುಗಿತ್ತು. ಒಂದು ಕೈ ಬಿಡಿಸಿ ನನ್ನ ಕಡೆಗೆ ಚಾಚಿದರು. ನಾನು ಮುಟ್ಟಲಿಲ್ಲ. ತೋಡಿನ ನೀರು ದಾಟಿ ಐತಪ್ಪಣ್ಣನ ಮನೆಗೆ ಓಡಿದೆ. ನೆರೆಯವರು ಅಂದರೆ ಅವರೊಬ್ಬರೇ. ಅವರನ್ನೂ ಅವರ ಮನೆಯವರನ್ನೂ ಕರೆದುಕೊಂಡು ಬರುವಾಗ ಒಲೆಗೆ ಹಾಕಿದ ಕಟ್ಟಿಗೆ ಅರ್ಧ ಉರಿದಿತ್ತು. ಮಾವ ಚಾಚಿದ ಕೈಯನ್ನು ಹಾಗೆಯೇ ನೆಲದಲ್ಲಿ ಬಿಟ್ಟಿದ್ದರು.

ಅವರೆಲ್ಲ ಸೇರಿ ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಹೊತ್ತರು. ಐತಪ್ಪಣ್ಣನೇ ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರು. ಬಸ್ಸು ಹತ್ತಿಸುವಾಗ ಮಾವ ನಾನು ಇಲ್ಲದ ದಿಕ್ಕಿಗೆ ಮುಖ ಮಾಡಿ ಹೇಳಿದರು: "ದೇವಕೀ, ಉಳಿ ಆಚಾರಿಗೆ ಕೊಡು. ಏಳನೇದು ಬಂದು ಮಾಡ್ತೇನೆ."

ಬಂದು ಮಾಡಲಿಲ್ಲ. ಒಂಬತ್ತನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ಯಾಕೆ ಸುಳ್ಳು ಹೇಳಿದೆ ಎಂದು ಅವರು ನನ್ನನ್ನು ಕೇಳಲಿಲ್ಲ. ನಾನು ಗಂಡನಿಗೂ ಹೇಳಲಿಲ್ಲ.

ಮಾವ ಬಿದ್ದ ಮರುದಿನ ಬೆಳಿಗ್ಗೆ ಇದೆಲ್ಲ ಹೀಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದನಕ್ಕೆ ಹುಲ್ಲು ಹಾಕಿ, ಕೈ ತೊಳೆದು, ಮಾವನ ಸುತ್ತಿಗೆ ಮತ್ತು ಉಳಿ ತೆಗೆದುಕೊಂಡು ಕೊಲ್ಲಮೊಗ್ರಿನ ಕಲ್ಲಿನ ಎದುರು ಕೂತೆ. ಅವರ ಗುಳಿಯ ಒಳಗೆ ಉಳಿ ಇಟ್ಟು ಹೊಡೆದೆ, ಚೂರು ತಿರುಗಿಸಿದೆ, ಹೊಡೆದೆ. ಬಿಸಿಲು ಅಂಗಳದ ನಡುವಿಗೆ ಬರುವವರೆಗೆ ಹೊಡೆದೆ. ಬಿದಿರಿನ ಸೀಳಿನಿಂದ ಕೆರೆದು, ಬಂದ ಹುಡಿಯನ್ನು ಅಂಗೈಗೆ ಹಾಕಿ ನೋಡಿದೆ. ಒಂದು ಚಿಟಿಕೆ ಉಪ್ಪಿನಷ್ಟೂ ಇರಲಿಲ್ಲ. ಉಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಚಾರಿಯ ಹತ್ತಿರ ಹೋದೆ.